ಕತ್ತೆಯ ನೇಗಿಲು, ಚಿನ್ನದ ನೇಗಿಲು

ಪುಣೆಯ ಶನಿವಾರವಾಡಾದಿಂದ ನಾಲ್ಕು ಹೆಜ್ಜೆ ನಡೆದರೆ ಕಸಬಾ ಪೇಟೆಯ ಲಾಲ್ ಮಹಲ್ ಸಿಗುತ್ತದೆ. ಇಂದು ಕಾಣುವ ಕಟ್ಟಡ 1980ರ ದಶಕದ್ದು. ಇದೇ ಹೆಸರಿನ ಮೂಲ ಮನೆ ಎದ್ದದ್ದು ಹದಿನೇಳನೆಯ ಶತಮಾನದಲ್ಲಿ, ಒಬ್ಬ ತಾಯಿ ಮತ್ತು ಅವಳ ಪುಟ್ಟ ಮಗನ ವಾಸಕ್ಕೆ. ತಾಯಿ ಜೀಜಾಬಾಯಿ, ಮಗ ಶಿವಾಜಿ. ಮುಂದೆ ಆತ ಏನಾದ ಎಂಬುದು ಎಲ್ಲರಿಗೂ ಗೊತ್ತು. ಅದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಅವನನ್ನು ಯುದ್ಧದ ನಡುವೆ ಹುಟ್ಟಿದ ಒಂದು ಮಗುವಾಗಿ ಮಾತ್ರ ನೋಡೋಣ.

1629ರ ಜುಲೈನಲ್ಲಿ ಜೀಜಾಬಾಯಿಯ ತಂದೆ ಲಖುಜಿ ಜಾಧವ್ ದೌಲತಾಬಾದಿನಲ್ಲಿ ಕೊಲೆಯಾದರು. ಕೊಲ್ಲಿಸಿದವನು ಅವರದೇ ಒಡೆಯ, ಅಹಮದನಗರದ ನಿಜಾಮ್‌ಶಾಹ. ಜೀಜಾಬಾಯಿ ಆಗ ಗರ್ಭಿಣಿ. ಪತಿ ಶಹಾಜಿ ನಿಜಾಮ್‌ಶಾಹಿಯನ್ನು ಬಿಟ್ಟು ಹೊರಬಿದ್ದಿದ್ದ. ಹೆಂಡತಿಯನ್ನು ಶಿವನೇರಿ ಕೋಟೆಯಲ್ಲಿ ಇರಿಸಿದ್ದ. 1630ರ ಫೆಬ್ರವರಿಯಲ್ಲಿ ಮಗು ಹುಟ್ಟಿದ್ದು ಅಲ್ಲಿ. ತವರಿನ ಸೂತಕ ಮತ್ತು ಮನೆಯ ಬಾಣಂತನ ಒಂದೇ ವರ್ಷದಲ್ಲಿ ಬಂದವು.

ಸುಮಾರು ಅದೇ ಹೊತ್ತಿಗೆ ಶಹಾಜಿಯ ಜಹಗೀರಾದ ಪುಣೆಯ ಮೇಲೆ ಬಿಜಾಪುರದ ಸರದಾರ ಮುರಾರ ಜಗದೇವ ಏರಿಬಂದ. ಊರನ್ನು ಸುಟ್ಟ, ಗೋಡೆಗಳನ್ನು ಕೆಡವಿದ. ಆಮೇಲೆ ಕತ್ತೆಗಳಿಗೆ ನೇಗಿಲು ಕಟ್ಟಿ ನೆಲ ಉಳಿಸಿದ, ಕಬ್ಬಿಣದ ಹಾರೆ ನೆಡಿಸಿದ ಎಂದು ಪರಂಪರೆ ಹೇಳುತ್ತದೆ. ಇದು ಹೊಸ ಕ್ರೌರ್ಯವಲ್ಲ. ಪಿಥುಂಡ ಪಟ್ಟಣವನ್ನು ಕತ್ತೆಯ ನೇಗಿಲಿನಿಂದ ಉಳಿಸಿದ್ದಾಗಿ ಕಳಿಂಗದ ಖಾರವೇಲ ಹಾಥಿಗುಂಫಾ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಮನೆ ಸುಟ್ಟರೆ ಜನ ಮತ್ತೆ ಕಟ್ಟಿಕೊಳ್ಳುತ್ತಾರೆ. ನೆಲವೇ ಅಪಶಕುನವಾದರೆ ಹಿಂದಿರುಗಲು ಹೆದರುತ್ತಾರೆ. ಲೆಕ್ಕಾಚಾರ ಅದು.

ಅದರ ಬೆನ್ನಿಗೇ 1630–32ರ ಬರಗಾಲ ದಖ್ಖನ್ ಮತ್ತು ಗುಜರಾತನ್ನು ಹಿಂಡಿತು. 1633ರಲ್ಲಿ ದೌಲತಾಬಾದ್ ಮೊಗಲರ ಕೈಸೇರಿದಾಗ ಶಹಾಜಿ, ನಿಜಾಮ್‌ಶಾಹಿ ಮನೆತನದ ಮುರ್ತಜಾ ಎಂಬ ಎಳೆಯ ಹುಡುಗನನ್ನು ಗದ್ದುಗೆಯ ಮೇಲೆ ಕೂರಿಸಿ ಮೂರು ವರ್ಷ ಹೋರಾಡಿದ. 1636ರಲ್ಲಿ ಮಾಹುಲಿ ಕೋಟೆಯಲ್ಲಿ ಸೋತು, ಆ ಹುಡುಗನನ್ನು ಮೊಗಲರಿಗೆ ಒಪ್ಪಿಸಬೇಕಾಯಿತು. ಒಬ್ಬ ತಂದೆ ಬೇರೆಯವರ ಮಗುವನ್ನು ಮುಂದಿಟ್ಟುಕೊಂಡು ಯುದ್ಧ ಮಾಡುತ್ತಿದ್ದಾಗ, ಅವನ ಸ್ವಂತ ಮಗ ಅವನ ಮುಖವನ್ನು ಎಷ್ಟು ಸಲ ನೋಡಿದ್ದಾನು?

ಸೋತ ಶಹಾಜಿ ಬಿಜಾಪುರದ ಸೇವೆಗೆ ಸೇರಿದ. ಪುಣೆಯ ಜಹಗೀರು ಅವನ ಕೈಯಲ್ಲೇ ಉಳಿಯಿತು. ಪಾಳುಬಿದ್ದ ಆ ಊರಿಗೆ ತಾಯಿ ಮಗ ಬಂದರು. ಮಗುವಿನ ಕೈಯಿಂದ ಚಿನ್ನದ ನೇಗಿಲು ಹಿಡಿಸಿ ಶಾಪ ಕಳೆದರೆಂಬ ಕಥೆ ಪುಣೆಯ ಮಕ್ಕಳಿಗೆಲ್ಲ ಗೊತ್ತು. ಕಸಬಾ ಗಣಪತಿಯ ಗುಡಿಯನ್ನೂ ಜೀಜಾಬಾಯಿಯ ಹೆಸರಿಗೇ ಹೇಳುತ್ತಾರೆ. ಆದರೆ ಜನ ಮರಳಿದ್ದು ನೇಗಿಲು ಹೊಳೆಯಿತೆಂದು ಮಾತ್ರವಲ್ಲ. ಆಡಳಿತ ನೋಡುತ್ತಿದ್ದ ದಾದೋಜಿ ಕೊಂಡದೇವ ಬೀಳುಬಿದ್ದ ಭೂಮಿಗೆ ಮೊದಲ ವರ್ಷಗಳಲ್ಲಿ ಅತ್ಯಲ್ಪ ಕಂದಾಯ ಹಾಕಿ, ವರ್ಷ ಕಳೆದಂತೆ ಏರಿಸಿದ. ತೋಳ ಕೊಂದವರಿಗೆ ಇನಾಮು ಕೊಟ್ಟನೆಂದೂ ಹೇಳಿಕೆಯಿದೆ. ಊರು ಎಷ್ಟು ಹಾಳಾಗಿತ್ತು ಎನ್ನಲು ಆ ತೋಳಗಳೇ ಸಾಕು.

ಇನ್ನು ನಮ್ಮ ನೆಲದ ಮಾತು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೇನೆ ಕೆಂಪೇಗೌಡರ ವಂಶದಿಂದ ಬೆಂಗಳೂರನ್ನು ಕಸಿದುಕೊಂಡಿತು. ಆ ಸೇನೆಯಲ್ಲಿ ಶಹಾಜಿಯೂ ಇದ್ದ. ಬೆಂಗಳೂರು ಅವನ ಜಹಗೀರಾಯಿತು. ಗೌಡರ ಮನೆತನ ಮಾಗಡಿಗೆ ಸರಿಯಿತು. ಬಿಜಾಪುರದವರು ಹಾಳುಮಾಡಿದ ಊರಿನ ಒಡೆಯ ಬಿಜಾಪುರದ ಪರವಾಗಿ ಇನ್ನೊಬ್ಬರ ಊರಿಗೆ ಒಡೆಯನಾದ. ಕೆಲವು ವರ್ಷಗಳಲ್ಲಿ ಶಿವಾಜಿಯೂ ತಾಯಿಯೊಡನೆ ಬೆಂಗಳೂರಿಗೆ ಬಂದು ತಂದೆಯ ಬಳಿ ಸ್ವಲ್ಪ ಕಾಲ ಇದ್ದ. ಅಣ್ಣ ಸಂಭಾಜಿ ತಂದೆಯ ಜೊತೆ ಇಲ್ಲೇ ಉಳಿದ. ತಮ್ಮ ಸುಮಾರು ಹನ್ನೆರಡರ ವಯಸ್ಸಿನಲ್ಲಿ ಪುಣೆಗೆ ಮರಳಿದ. ಒಂದೇ ಮನೆಯ ಮಕ್ಕಳು ಎರಡು ಸೀಮೆಗಳಿಗೆ ಹಂಚಿಹೋದರು.

ಬೆಂಗಳೂರಿನ ಕೋಟೆಯೊಳಗೆ ಆ ಹುಡುಗ ಆಡಿದ ಅಂಗಳವನ್ನು ಸ್ವಲ್ಪ ಹಿಂದೆ ಬೇರೆ ಮಕ್ಕಳು ಬಿಟ್ಟು ಹೋಗಿದ್ದಿರಬೇಕು. ಮುರ್ತಜಾನಿಗೆ ಚಿನ್ನದ ನೇಗಿಲಿನ ಕಥೆ ಇಲ್ಲ. ಪುಣೆಯಿಂದ ಓಡಿ ಬರಗಾಲಕ್ಕೆ ಸಿಕ್ಕ ಮಕ್ಕಳಿಗೆ ಹೆಸರೂ ಇಲ್ಲ. ಚರಿತ್ರೆ ನೆನಪಿಟ್ಟಿರುವುದು ಹಿಂದಿರುಗಲು ಊರೊಂದು ಸಿಕ್ಕ ಮಗುವನ್ನು. ಲಾಲ್ ಮಹಲ್ ಮುಂದೆ ನಿಂತಾಗ ಉಳಿದವರನ್ನೂ ಒಮ್ಮೆ ನೆನೆಯಬೇಕು.