ಶ್ರೀತಾಳೆ: ಗ್ರಂಥಗಳನ್ನು ಹೊತ್ತ ಮರ

ಓಲೆಗರಿ ಎಂದೊಡನೆ ನಿಮಗೆ ಯಾವ ಮರ ನೆನಪಾಗುತ್ತದೆ? ಬೇಸಿಗೆಯಲ್ಲಿ ತಾಟಿನಿಂಗು ಕೊಡುವ ತಾಳೆಮರವಲ್ಲವೆ? ಆದರೆ ನಮ್ಮ ಅತಿ ಹಳೆಯ ಗ್ರಂಥಗಳನ್ನು ಹೊತ್ತು ತಂದ ಮರ ಇನ್ನೊಂದು. ಅದೇ ಶ್ರೀತಾಳೆ.

ಕರಾವಳಿ ಕರ್ನಾಟಕ, ಕೇರಳ ಮತ್ತು ಶ್ರೀಲಂಕಾದಲ್ಲಿ ಈ ಮರವನ್ನು ಕಾಣಬಹುದು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನು 'ಕೋರಿಫಾ ಅಂಬ್ರಾಕ್ಯುಲಿಫೆರಾ' ಎಂದು ಕರೆದನು. ಎರಡನೆಯ ಪದದ ಅರ್ಥ 'ಕೊಡೆ ಹೊತ್ತದ್ದು'. ಮಲಯಾಳಿಗಳು ಮೊದಲಿನಿಂದಲೂ ಇದನ್ನು 'ಕುಡಪ್ಪನ', ಅಂದರೆ ಕೊಡೆತಾಳೆ, ಎಂದೇ ಕರೆಯುತ್ತಾರೆ. ಒಂದು ಎಲೆಯ ಅಗಲ 5 ಮೀಟರ್‌ವರೆಗೆ ಇರಬಹುದು. ಶ್ರೀಲಂಕಾದಲ್ಲಿ ಸೆರೆಯಾಗಿದ್ದ ಇಂಗ್ಲಿಷ್ ನಾವಿಕ ರಾಬರ್ಟ್ ನಾಕ್ಸ್ 1681ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅಲ್ಲಿನ ಸೈನಿಕರು ಈ ಎಲೆಯನ್ನು ಡೇರೆಯಾಗಿ ಬಳಸುತ್ತಿದ್ದುದನ್ನು ವರ್ಣಿಸಿದ್ದಾನೆ.

ಬರವಣಿಗೆಗೆ ಬೇಕಾದದ್ದು ಇನ್ನೂ ಬಿಚ್ಚಿಕೊಳ್ಳದ ಎಳೆಯ ಎಲೆ. ಅದನ್ನು ಸೀಳಿ, ಕುದಿಸಿ, ಒಣಗಿಸಿ, ಉಜ್ಜಿ ನಯಗೊಳಿಸುತ್ತಿದ್ದರು. ದಕ್ಷಿಣದಲ್ಲಿ ಸಾಮಾನ್ಯವಾಗಿ ಕಂಟವೆಂಬ ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆದು ಮಸಿ ಬಳಿಯುತ್ತಿದ್ದರು. ಉತ್ತರದಲ್ಲಿ ಶಾಯಿಯಿಂದ ಬರೆಯುತ್ತಿದ್ದರು. ತಾಳೆಯ ಗರಿಗಿಂತ ಶ್ರೀತಾಳೆಯದು ತೆಳುವು, ಮೃದು. ವಿದ್ವಾಂಸ ರುಡಾಲ್ಫ್ ಹೊರ್ನ್ಲೆ 1900ರಲ್ಲಿ ಹಳೆಯ ಪ್ರತಿಗಳ ಎಲೆಗಳನ್ನೇ ಪರೀಕ್ಷಿಸಿ, ಪ್ರಾಚೀನ ಓಲೆಗ್ರಂಥಗಳಿಗೆ ಬಳಸಿದ್ದು ಶ್ರೀತಾಳೆ, ತಾಳೆಯ ಬಳಕೆ ಹೆಚ್ಚಿದ್ದು ಬಹಳ ತಡವಾಗಿ ಎಂದು ವಾದಿಸಿದರು. ಗ್ರಂಥದ ಕಾಲವನ್ನು ಅಕ್ಷರ ಮಾತ್ರವಲ್ಲ, ಎಲೆಯೂ ಹೇಳಬಲ್ಲದು!

ನಮ್ಮ ಮೂಡುಬಿದಿರೆಯನ್ನೇ ನೋಡಿ. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ 'ಧವಲಾ' ಎಂಬ ಜೈನ ಟೀಕೆಯ ಶ್ರೀತಾಳೆ ಪ್ರತಿಗಳು ಅಲ್ಲಿ ಉಳಿದುಬಂದಿವೆ. ಅವು ಹಳಗನ್ನಡ ಲಿಪಿಯಲ್ಲಿವೆ. 12ನೆಯ ಶತಮಾನದ ಬಣ್ಣದ ಚಿತ್ರಗಳೂ ಇವೆ. ಶತಮಾನಗಳ ಕಾಲ ಪೂಜೆಗಷ್ಟೇ ಹೊರಬರುತ್ತಿದ್ದ ಈ ಗ್ರಂಥದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಮೂಲ ರಚನೆಗೂ ಈ ಪ್ರತಿಗಳಿಗೂ ನಡುವೆ ಸುಮಾರು 300 ವರ್ಷಗಳ ಅಂತರವಿದೆ. ತೇವ ಮತ್ತು ಹುಳುಗಳಿಂದ ಓಲೆ ಹಾಳಾಗುತ್ತದೆ. ಹಾಳಾಗುವ ಮೊದಲು ಯಾರೋ ಕುಳಿತು ನಕಲು ಮಾಡಿದ್ದರಿಂದಲೇ ಗ್ರಂಥ ಉಳಿಯಿತು.

ಮರದ ಬಾಳೂ ಹೀಗೆಯೇ. ಶ್ರೀತಾಳೆ 30ರಿಂದ 80 ವರ್ಷಗಳ ನಡುವೆ ಒಮ್ಮೆ ಮಾತ್ರ ಹೂ ಬಿಡುತ್ತದೆ. ಕಾಂಡದಲ್ಲಿ ಕೂಡಿಟ್ಟ ಪಿಷ್ಟವನ್ನೆಲ್ಲ ಆ ಒಂದು ಹೂಗೊಂಚಲಿಗೆ ವ್ಯಯಿಸುತ್ತದೆ. ಗೊಂಚಲಿನ ಎತ್ತರವೇ 6ರಿಂದ 8 ಮೀಟರ್. ಅದರಲ್ಲಿ ಲಕ್ಷಾಂತರ ಹೂಗಳು. ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಆಮೇಲೆ ಮರ ಸಾಯುತ್ತದೆ. ಕರಾವಳಿಯ ಕೆಲವೆಡೆ ಇದರ ಹೂ ಅಪಶಕುನವೆಂದು ಹೆದರಿ, ಕಾಯಿ ಬಲಿಯುವ ಮುನ್ನವೇ ಮರ ಕಡಿದದ್ದುಂಟು. ಹಾಗೆ ಕಡಿದರೆ ಒಂದು ಮರವಲ್ಲ, ಅದರ ಸಂತತಿಯೇ ಹೋಯಿತು.

ಬೆಳೆಸುವುದು ಕಷ್ಟವೇನಲ್ಲ, ತಾಳ್ಮೆ ಬೇಕು. ಉದುರಿದ ಹಣ್ಣಿನ ತಿರುಳು ತೆಗೆದು ಬೀಜವನ್ನು ಒಣಗಗೊಡದೆ ಬಿತ್ತಿರಿ. ಮೊಳಕೆ ಮೊದಲು ಆಳಕ್ಕಿಳಿದು, ಅಲ್ಲಿಂದ ಎಲೆಯನ್ನು ಮೇಲಕ್ಕೆ ಕಳಿಸುತ್ತದೆ. ಆದ್ದರಿಂದ ಆಳವಾದ ಚೀಲ ಅಥವಾ ನೆಲವೇ ಲೇಸು. ಎಲೆ ಕಾಣಲು ಹಲವು ತಿಂಗಳು ಹಿಡಿಯಬಹುದು, ಅಗೆದು ನೋಡಬೇಡಿ. ಎಳೆಯ ಗಿಡಕ್ಕೆ ಅರೆನೆರಳು ಮತ್ತು ತೇವ ಬೇಕು, ನೀರು ನಿಲ್ಲಬಾರದು. ಮನೆ, ವಿದ್ಯುತ್ ತಂತಿಗಳಿಂದ ದೂರ, ವಿಶಾಲವಾದ ಜಾಗದಲ್ಲಿ ನೆಡಿರಿ.

ಇಂದು ನೀವು ನೆಟ್ಟ ಗಿಡ ಹೂ ಬಿಡುವ ಹೊತ್ತಿಗೆ ನಿಮ್ಮ ತಲೆ ನರೆತಿರುತ್ತದೆ. ನಕಲು ಮಾಡಿದ ಲಿಪಿಕಾರನಾದರೂ ತನ್ನ ಓಲೆಯ ಓದುಗರನ್ನೆಲ್ಲ ಕಂಡಿದ್ದನೆ?