ಮೂರನೇ ವಾರದ ಕೆಂಗಣ್ಣು

ಈಗಿನ ಸಮ್ಮೇಳನಗಳಲ್ಲಿ ಕೆರೊಟಿಡ್-ಕೆವರ್ನಸ್ ಫಿಸ್ಟುಲಾ ಕುರಿತ ಉಪನ್ಯಾಸ ಶುರುವಾಗುವುದೇ ಫ್ಲೋ ಡೈವರ್ಟರ್ ಎಂಬ ಹೊಸ ಸಲಕರಣೆಯಿಂದ. ಅದರ ಹಿಂದಿನದೆಲ್ಲ ಒಂದು ಸ್ಲೈಡಿನಲ್ಲಿ ಮುಗಿದುಹೋಗುತ್ತದೆ. ಹಳೆಯ ಬಲೂನ್ ಚಿಕಿತ್ಸೆಯ ಮಾತು ಬಂದರೆ ಸಭೆಯಲ್ಲಿ ಸಣ್ಣ ನಗು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ರೋಗಿಗಳನ್ನೇ ಹೆಚ್ಚಾಗಿ ನೋಡುತ್ತ ಬಂದ ನನಗೆ ಈ ನಗುವಿನಲ್ಲಿ ಪಾಲುಗೊಳ್ಳಲು ಆಗುವುದಿಲ್ಲ.

ಕುತ್ತಿಗೆಯಿಂದ ಮೆದುಳಿಗೆ ಏರುವ ಒಳ ಕೆರೊಟಿಡ್ ಅಪಧಮನಿ, ಕಣ್ಣುಗೂಡಿನ ಹಿಂದೆ, ಬುರುಡೆಯ ತಳದಲ್ಲಿ, ಕೆವರ್ನಸ್ ಸೈನಸ್ ಎಂಬ ಅಭಿಧಮನಿಯ ಕೋಶದ ಒಳಗಿಂದಲೇ ಹಾದುಹೋಗುತ್ತದೆ. ಪೆಟ್ಟು ಬಿದ್ದು ಬುರುಡೆಯ ತಳ ಸೀಳಿದಾಗ ಅಪಧಮನಿಯ ಗೋಡೆಯೂ ಹರಿದರೆ, ಜೋರಿನ ರಕ್ತ ನೇರವಾಗಿ ಆ ಕೋಶಕ್ಕೆ ನುಗ್ಗುತ್ತದೆ. ಅಲ್ಲಿಂದ ಕಣ್ಣಿನ ಅಭಿಧಮನಿಗೆ ಹಿಮ್ಮುಖವಾಗಿ ಹರಿಯುತ್ತದೆ. ಈ ಸೋರಿಕೆಯೇ ಫಿಸ್ಟುಲಾ. ಕಣ್ಣು ಕೆಂಪಾಗಿ, ಊದಿ, ಮುಂದೆ ಚಾಚಿ, ನಾಡಿಯೊಂದಿಗೆ ಮಿಡಿಯುತ್ತದೆ. ಕೆಲವರಿಗೆ ಒಂದೇ ವಸ್ತು ಎರಡಾಗಿ ಕಾಣುತ್ತದೆ. 'ತಲ್ಯಾಗ ಗಿರಣಿ ನಡದಂಗ ಆಗತೈತ್ರಿ, ರಾತ್ರಿ ನಿದ್ದಿನ ಇಲ್ಲ' ಎನ್ನುತ್ತಾರೆ ನಮ್ಮ ಕಡೆಯವರು. ಯಾವ ಪಠ್ಯಪುಸ್ತಕದ ವರ್ಣನೆಯೂ ಇದಕ್ಕಿಂತ ಖಚಿತವಾಗಿಲ್ಲ. ಹಾಗೇ ಬಿಟ್ಟರೆ ಕಣ್ಣಿನ ಒತ್ತಡ ಏರಿ ದೃಷ್ಟಿ ಹೋಗುತ್ತದೆ. ರಕ್ತ ಮೆದುಳಿನ ಅಭಿಧಮನಿಗಳತ್ತ ತಿರುಗಿದರೆ ಜೀವಕ್ಕೇ ಸಂಚಕಾರ.

ಹಳೆಯ ಕಾಲದ ಕಥೆಯನ್ನು ಬೇಗ ಮುಗಿಸುತ್ತೇನೆ. ಕಿತ್ತೂರಿನ ಕದನಕ್ಕೆ 15 ವರ್ಷ ಮೊದಲು, 1809ರಲ್ಲಿ, ಲಂಡನ್ನಿನ ಬೆಂಜಮಿನ್ ಟ್ರಾವರ್ಸ್ ಮಿಡಿಯುವ ಕಣ್ಣಿನ ಒಬ್ಬ ಹೆಣ್ಣುಮಗಳ ಕುತ್ತಿಗೆಯ ಕೆರೊಟಿಡನ್ನೇ ಕಟ್ಟಿಹಾಕಿದ. ದೋಷ ಕಣ್ಣುಗೂಡಿನಲ್ಲೇ ಇದೆ ಎಂದು ಅವನು ತಿಳಿದಿದ್ದ. ಆದರೂ ಆಕೆ ಗುಣಮುಖಳಾದಳು. ಅದೇ ಪದ್ಧತಿ ನೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಕಟ್ಟಿದ ಮೇಲೂ ಮೆದುಳಿನ ತಳದ ನಾಳಗಳ ಬಳಸುದಾರಿಯಿಂದ ರಕ್ತ ಮತ್ತೆ ಅದೇ ತೂತಿಗೆ ಬರುತ್ತಿತ್ತು. 1930ರ ಸುಮಾರಿಗೆ ಅಮೆರಿಕದ ಬಾರ್ನಿ ಬ್ರೂಕ್ಸ್ ಸ್ನಾಯುವಿನ ತುಣುಕೊಂದನ್ನು ಕೆರೊಟಿಡ್‌ನೊಳಗೆ ತೇಲಿಬಿಟ್ಟು ತೂತಿಗೆ ಸಿಕ್ಕಿಸಲು ನೋಡಿದ. 1965ರಲ್ಲಿ ಕೆನಡಾದ ಡ್ವೈಟ್ ಪಾರ್ಕಿನ್ಸನ್ ಕೆವರ್ನಸ್ ಸೈನಸ್ಸನ್ನೇ ತೆರೆದು ಒಳಗಿನ ಕೆರೊಟಿಡನ್ನು ಮುಟ್ಟುವ ದಾರಿ ತೋರಿದ. ಅದು ಧೈರ್ಯದ ಕೆಲಸವೇ ಹೌದು, ಆದರೆ ಎಲ್ಲರ ಕೈಗೆ ಬರುವಂಥದಲ್ಲ.

ಅಷ್ಟರಲ್ಲಿ ನಮ್ಮ ಕಡೆ ಏನಿತ್ತು? ತಲೆಗೆ ದೊಡ್ಡ ಪೆಟ್ಟಾದರೆ 'ಮಿರಜಿಗೆ ಒಯ್ಯಿರಿ' ಎಂಬುದೇ ಬಹುಕಾಲ ಬೆಳಗಾವಿ ಸೀಮೆಯ ಮಾತಾಗಿತ್ತು; ಅಲ್ಲಿ ವಾನ್ಲೆಸ್ ಮಿಷನ್ ಆಸ್ಪತ್ರೆ ಇತ್ತು. ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು 1949ರಲ್ಲಿ ಜೇಕಬ್ ಚಾಂಡಿ ವೆಲ್ಲೂರಿನಲ್ಲಿ ಕಟ್ಟಿದರು. ಬೆಂಗಳೂರಿನಲ್ಲಿ ಆರ್. ಎಂ. ವರ್ಮಾ ಅವರ ದುಡಿಮೆಯಿಂದ ಬೆಳೆದ ವಿಭಾಗ 1974ರಲ್ಲಿ ನಿಮ್ಹಾನ್ಸ್‌ನ ಭಾಗವಾಯಿತು. ಹುಬ್ಬಳ್ಳಿಯಲ್ಲಿ 1957ರಿಂದ, ಬೆಳಗಾವಿಯಲ್ಲಿ 1963ರಿಂದ ವೈದ್ಯಕೀಯ ಕಾಲೇಜುಗಳಿದ್ದವು ನಿಜ. ಆದರೆ ಮೆದುಳಿನ ನಾಳದೊಳಗೆ ಕೈಯಾಡಿಸುವ ಕೆಲಸಕ್ಕೆ ರಾಮದುರ್ಗದ ರೋಗಿ ಬೆಂಗಳೂರಿನ ರಾತ್ರಿ ಬಸ್ಸನ್ನೋ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಗೆ ಹೋಗುವ ರೈಲನ್ನೋ ಹತ್ತಬೇಕಿತ್ತು.

ಈ ಚಿಕಿತ್ಸೆಯ ನಿಜವಾದ ತಿರುವು ಬಂದದ್ದು ಮಾಸ್ಕೋದ ಬುರ್ಡೆಂಕೊ ಸಂಸ್ಥೆಯಿಂದ. ಕೆಂಪು ಚೌಕದ ಮೇ ದಿನದ ಮೆರವಣಿಗೆಯಲ್ಲಿ ದಾರ ಹಿಡಿದು ಬಲೂನು ಆಡಿಸುವ ಮಕ್ಕಳನ್ನು ಕಂಡು, ಬಲೂನನ್ನು ರಕ್ತನಾಳದೊಳಗೂ ಹೀಗೆ ಕಳಿಸಬಹುದೆಂದು ಅಲ್ಲಿನ ಫ್ಯೋದರ್ ಸೆರ್ಬಿನೆಂಕೊಗೆ ಹೊಳೆಯಿತು ಎಂಬ ಕಥೆ ಇದೆ. ಕಥೆ ಹೇಗೇ ಇರಲಿ, 1974ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವನ ಲೇಖನ, ನಾಳದೊಳಗಿಂದಲೇ ಚಿಕಿತ್ಸೆ ಮಾಡುವ ನಮ್ಮ ಶಾಖೆಯ ತಾಯಿಬೇರು. ಪ್ಯಾರಿಸ್ಸಿನ ಜೆರಾರ್ ಡೆಬ್ರನ್ ಆ ವಿಧಾನವನ್ನು ಲೇಟೆಕ್ಸ್ ಬಲೂನಿಗೆ ಒಗ್ಗಿಸಿ ಉಳಿದವರ ಕೈಗೂ ಎಟುಕುವಂತೆ ಮಾಡಿದ.

ನನ್ನ ತಲೆಮಾರು ಕಲಿತದ್ದು ಇದನ್ನೇ. ತೊಡೆಯ ಸಂದಿನ ಅಪಧಮನಿಯಿಂದ ಕ್ಯಾಥೆಟರ್ ಏರಿಸಬೇಕು. ಅದರ ತುದಿಗೆ ಜೋಳದ ಕಾಳಿಗಿಂತ ಅಷ್ಟೇನೂ ದೊಡ್ಡದಲ್ಲದ ಬಲೂನು. ತೂತಿನ ಬಳಿ ಅದನ್ನು ತುಸು ಉಬ್ಬಿಸಿದರೆ ರಕ್ತದ ಸೆಳೆತವೇ ಅದನ್ನು ಒಳಗೆಳೆದುಕೊಳ್ಳುತ್ತದೆ. ರೋಗವೇ ದಾರಿ ತೋರಿಸುವ ಚಿಕಿತ್ಸೆ ಇದು. ಒಳಗೆ ಹೋದ ಮೇಲೆ ಕಾಂಟ್ರಾಸ್ಟ್ ತುಂಬಿ ಪೂರ್ತಿ ಉಬ್ಬಿಸಿ, ಕೆರೊಟಿಡ್ ತೆರೆದೇ ಇರುವುದನ್ನು ಆಂಜಿಯೋಗ್ರಾಮಿನಲ್ಲಿ ಖಾತ್ರಿ ಮಾಡಿಕೊಂಡು ಬಲೂನನ್ನು ಕ್ಯಾಥೆಟರಿನಿಂದ ಬಿಡಿಸಬೇಕು. ರೋಗಿ ಎಚ್ಚರವಾಗಿಯೇ ಇರುತ್ತಿದ್ದ. ಪರದೆಯಲ್ಲಿ ಚಿತ್ರ ಮೂಡುವ ಮೊದಲೇ, ತಲೆಯೊಳಗಿನ ಸದ್ದು ನಿಂತೊಡನೆ, 'ನಿಂತ್ ನೋಡ್ರಿ ಸಾಹೇಬ್ರ' ಎಂದು ಅವನೇ ಫಲಿತಾಂಶ ಹೇಳಿಬಿಡುತ್ತಿದ್ದ.

ದೋಷಗಳೂ ಇದ್ದವು. ತೂತು ತೀರ ಸಣ್ಣದಾದರೆ ಬಲೂನು ಒಳಗೆ ಹೋಗದು. ಮುರಿದ ಎಲುಬಿನ ಚೂರು ತಾಗಿದರೆ ಒಡೆಯುತ್ತದೆ. ಬೇಗ ಸೊರಗಿದರೆ ಆ ಜಾಗದಲ್ಲಿ ಸುಳ್ಳು ಅನ್ಯೂರಿಸಂ ಉಳಿಯುತ್ತದೆ. ಯಾವುದೂ ಕೂಡಿಬರದಾಗ, ಒಂದು ಬದಿಯ ಕೆರೊಟಿಡನ್ನು ಸ್ವಲ್ಪ ಹೊತ್ತು ಮುಚ್ಚಿ ಕೈಕಾಲು, ಮಾತು ಸರಿಯಿವೆಯೇ ಎಂದು ಪರೀಕ್ಷಿಸಿ, ಆಮೇಲೆ ಅದನ್ನು ಕಾಯಂ ಮುಚ್ಚುತ್ತಿದ್ದೆವು. ತರುಣ ರೋಗಿಗಳು ಅದನ್ನು ತಾಳಿಕೊಳ್ಳುತ್ತಿದ್ದುದೇ ಹೆಚ್ಚು.

1985ರ ಬ್ಯಾರೋ ವರ್ಗೀಕರಣ ಈ ಫಿಸ್ಟುಲಾಗಳನ್ನು ನಾಲ್ಕು ಬಗೆ ಮಾಡಿತು. 'ಎ' ಎಂದರೆ ಕೆರೊಟಿಡ್‌ನಿಂದಲೇ ನೇರ, ರಭಸದ ಸೋರಿಕೆ. ಬಹುಪಾಲು ಪೆಟ್ಟಿನಿಂದ ಆದದ್ದು. ಉಳಿದ ಮೂರು ಮೆದುಳಿನ ಹೊದಿಕೆಯ ಸಣ್ಣ ಕವಲುಗಳಿಂದ ಬರುವ ನಿಧಾನದ ಸೋರಿಕೆ, ಹೆಚ್ಚಾಗಿ ನಡುವಯಸ್ಸು ದಾಟಿದ ಹೆಂಗಸರಲ್ಲಿ. ಇಂಥ ಕೆಲವು ತಾವೇ ಮುಚ್ಚಿಕೊಳ್ಳುತ್ತವೆ. ಕೆಲವರಿಗೆ ಎದುರು ಬದಿಯ ಕೈಯಿಂದ ಕುತ್ತಿಗೆಯ ನಾಡಿ ಒತ್ತಿಕೊಳ್ಳಲು ಹೇಳಿಕೊಟ್ಟರೆ ಸಾಕು; ಮೆದುಳಿಗೆ ರಕ್ತ ಕಡಿಮೆಯಾದರೆ ಆ ಕೈಯೇ ಸೋತು ಜಾರುತ್ತದೆ, ಅಪಾಯ ತಪ್ಪುತ್ತದೆ. ಈಚಿನ ಪಾಶ್ಚಾತ್ಯ ಬರಹಗಳಲ್ಲಿ ಈ ನಿಧಾನದ ಬಗೆಗೇ ಹೆಚ್ಚು ಜಾಗ. ಅದನ್ನು ಓದಿದ ನಮ್ಮ ಹುಡುಗರು 'ಕಾದು ನೋಡೋಣ' ಎನ್ನುತ್ತಾರೆ. ನಮ್ಮ ಪಡಸಾಲೆಯಲ್ಲಿ ಕುಳಿತವನೋ, ಕಬ್ಬಿನ ಹಂಗಾಮಿನ ರಾತ್ರಿ ಯರಗಟ್ಟಿ ರಸ್ತೆಯಲ್ಲಿ ದೀಪವಿಲ್ಲದ ಟ್ರೇಲರಿಗೆ ಬೈಕ್ ಗುದ್ದಿಸಿಕೊಂಡ, ಹೆಲ್ಮೆಟ್ ಇಲ್ಲದ ತರುಣ. ಅವನದು 'ಎ'. ಕಾಯುತ್ತ ಕುಳಿತರೆ ಕಣ್ಣು ಉಳಿಯುವುದಿಲ್ಲ.

1990ರ ದಶಕದಲ್ಲಿ ಗುಗ್ಲಿಯೆಲ್ಮಿಯ ಪ್ಲಾಟಿನಂ ಕಾಯಿಲ್ ಬಂತು, ಆಮೇಲೆ ಓನಿಕ್ಸ್ ಎಂಬ ದ್ರವ, ಹೊದಿಕೆಯ ಸ್ಟೆಂಟ್, ಈಗ ಅಪಧಮನಿಯೊಳಗೆ ಕೂತು ರಕ್ತದ ಹರಿವನ್ನು ತಿರುಗಿಸುವ ಫ್ಲೋ ಡೈವರ್ಟರ್. ಕಾಯಿಲನ್ನು ಅಭಿಧಮನಿಯ ದಾರಿಯಿಂದಲೂ ಒಯ್ಯಬಹುದು. ಬಲೂನು ಹೋಗದ ಸಣ್ಣ ತೂತಿಗೆ ಅದು ವರವೇ. ಆದರೆ ದೊಡ್ಡ ಕೋಶ ತುಂಬಲು ಒಂದರ ಮೇಲೊಂದು ಬೇಕು, ಒಂದೊಂದಕ್ಕೂ ಬೆಲೆ. ಫ್ಲೋ ಡೈವರ್ಟರ್ ಇಟ್ಟವನು ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆಗಳನ್ನು ತಿಂಗಳುಗಟ್ಟಲೆ ಬಿಡದೆ ನುಂಗಬೇಕು. ತಲೆಗೆ ಪೆಟ್ಟಾಗಿ ಬಂದವನಿಗೆ, ಸುಗ್ಗಿ ಬಂದೊಡನೆ ಮಾತ್ರೆ ಮರೆಯುವವನಿಗೆ ಅದನ್ನು ಇಡುವ ಮುನ್ನ ಎರಡು ಸಲ ಯೋಚಿಸಬೇಕು. 2000ದ ದಶಕದ ಆರಂಭದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಬಿಡಿಸುವ ಬಲೂನು ಮರೆಯಾಯಿತು; ಫ್ರಾನ್ಸಿನ ಲೇಟೆಕ್ಸ್ ಬಲೂನು ನಮ್ಮಲ್ಲಿ ಉಳಿಯಿತು. ಆಯುಷ್ಮಾನ್ ಯೋಜನೆಯ ಪಟ್ಟಿಯಲ್ಲೂ ಈ ಫಿಸ್ಟುಲಾಕ್ಕೆ ಬಲೂನು ಬೇರೆ, ಕಾಯಿಲ್ ಬೇರೆ ಎಂದು ಎರಡು ನಮೂದುಗಳಿವೆ. ಪಟ್ಟಿಯಲ್ಲಿದ್ದರೇನು, ಬಲೂನನ್ನು ಕ್ಯಾಥೆಟರಿಗೆ ಕಟ್ಟಲು ಬರುವ ಕೈಗಳು ಕಡಿಮೆಯಾಗುತ್ತಿವೆ.

ನೆತ್ತಿ ಮತ್ತು ಕಪಾಲದ ಫಿಸ್ಟುಲಾಗಳನ್ನಂತೂ ಈಚಿನ ಆ ಬರಹಗಳು ಮುಟ್ಟುವುದೇ ಇಲ್ಲ. ಕಿವಿಯ ಮುಂದೆ, ಹಣೆಯ ಬದಿಗೆ ಕಲ್ಲೋ ಬಡಿಗೆಯೋ ತಾಗಿದ ಜಾಗದಲ್ಲಿ ತಿಂಗಳುಗಳ ಮೇಲೆ ಮಿಡಿಯುವ ಗಂಟು ಏಳುತ್ತದೆ. ಕೊಬ್ಬಿನ ಗಂಟೆಂದು ಬ್ಲೇಡ್ ಇಟ್ಟರೆ ರಕ್ತ ನಿಲ್ಲಿಸುವುದು ಕಷ್ಟ. ಬೆರಳಿಟ್ಟು ನೋಡಿದರೆ ಮಿಡಿತ ಗೊತ್ತಾಗುತ್ತದೆ.

ಇಷ್ಟೆಲ್ಲ ಸಲಕರಣೆ ಬಂದರೂ ಕಣ್ಣು ಉಳಿಯುವುದೋ ಹೋಗುವುದೋ ಎಂಬುದು ಆಂಜಿಯೋ ಕೋಣೆಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಸೋರಿಕೆ ಅಪಘಾತದ ದಿನವೇ ಕಾಣಬೇಕೆಂದಿಲ್ಲ. ದಿನಗಳು, ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ರೋಗಿ ಊರಿಗೆ ಮರಳಿರುತ್ತಾನೆ. ಕೆಂಪಾದ ಕಣ್ಣಿಗೆ 'ಕಣ್ಣಬ್ಯಾನಿ' ಎಂದು ಡ್ರಾಪ್ಸ್ ಹಾಕುತ್ತಾರೆ. ಡ್ರಾಪ್ಸ್ ಮುಗಿದು, ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಹೋಗಿ, ಅಲ್ಲಿಂದ ನಮ್ಮತ್ತ ಬರುವ ವೇಳೆಗೆ ಬೆಳಕಿನ ಅರಿವಷ್ಟೇ ಉಳಿದವರನ್ನು ಕಂಡಿದ್ದೇನೆ. ಮುಚ್ಚಿದ ರೆಪ್ಪೆಯ ಮೇಲೆ ಸ್ಟೆತಸ್ಕೋಪಿನ ಗಂಟೆ ಇಟ್ಟು ಆಲಿಸಿದರೆ ಹೆಚ್ಚಿನವರಲ್ಲಿ ಆ ಗಿರಣಿಯ ಸದ್ದು ನಮಗೂ ಕೇಳುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ಸಿ.ಟಿ. ಇರಲಿ ಬಿಡಲಿ, ಸ್ಟೆತಸ್ಕೋಪ್ ಇದ್ದೇ ಇರುತ್ತದೆ.

2008ರ ಆರೋಗ್ಯ ಕವಚ 108 ಆಂಬುಲೆನ್ಸ್ ರೋಗಿಯನ್ನು ಬೇಗ ಎತ್ತಿಕೊಂಡು ಬರುತ್ತದೆ. 2016ರ ಹರೀಶ್ ಸಾಂತ್ವನ ಯೋಜನೆ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ ಭರಿಸುವಂತೆ ರೂಪುಗೊಂಡಿತು. ಎರಡೂ ಒಳ್ಳೆಯವೇ. ಈ ರೋಗ ಮಾತ್ರ 48 ಗಂಟೆಯ ಲೆಕ್ಕಕ್ಕೆ ಸಿಗುವುದಿಲ್ಲ. ತಲೆಯ ಪೆಟ್ಟಿನ ಡಿಸ್ಚಾರ್ಜ್ ಕಾರ್ಡಿನಲ್ಲಿ ಹೊಲಿಗೆ ಬಿಚ್ಚುವ ತಾರೀಖು ಇರುತ್ತದೆ, ಫಿಟ್ಸ್ ಮಾತ್ರೆಯ ಹೆಸರಿರುತ್ತದೆ. ಕಣ್ಣು ಕೆಂಪಾದರೆ, ತಲೆಯಲ್ಲಿ ಸದ್ದು ಕೇಳಿಸಿದರೆ ಅಂದೇ ಬನ್ನಿ ಎಂಬ ಕನ್ನಡದ ಸಾಲನ್ನು, ನನ್ನ ಕೈಗೆ ಬಂದ ಕಾರ್ಡುಗಳಲ್ಲಿ, ನಾನಿನ್ನೂ ಕಂಡಿಲ್ಲ.