ಲಾರಿಗೆಂದು ಹುಟ್ಟಿ ಕಾರಿನ ಪಾಲಾದ ಪವರ್ ಸ್ಟೀರಿಂಗ್

1950ರ ಷೆವ್ರೊಲೆ 3100 ಪಿಕಪ್ ಒಂದು ನಿಮ್ಮ ಕೈಗೆ ಸಿಕ್ಕಿದೆ ಅಂದ್ಕೊಳ್ಳಿ. ಅಮೆರಿಕದ ರೈತರ ಗಾಡಿ, ನೋಡೋಕೆ ಗುಂಡಗುಂಡಗೆ ಚಂದ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿ ನೋಡಿ, ಭುಜ ಸೋತುಹೋಗುತ್ತೆ. ಆ ಚಕ್ರ ಅಷ್ಟು ದೊಡ್ಡದಿರೋದು ಸ್ಟೈಲಿಗಲ್ಲ. ಉದ್ದ ಹಾರೆ ಹಾಕಿ ಬಂಡೆ ಎಬ್ಬಿಸೋ ಲೆಕ್ಕವೇ ಅದು.

ನನ್ನನ್ನ ಕಾಡಿದ ವಿಷಯ ಬೇರೆ. ಈ ಕಷ್ಟಕ್ಕೆ ಪರಿಹಾರ ಆ ಪಿಕಪ್ ಬರೋಕೆ 24 ವರ್ಷ ಮುಂಚೆಯೇ ಸಿದ್ಧವಾಗಿತ್ತು. ಅದನ್ನ ಮಾಡಿದವನು ಟ್ರಕ್ ಎಂಜಿನಿಯರ್.

ಅವನ ಹೆಸರು ಫ್ರಾನ್ಸಿಸ್ ಡೇವಿಸ್. ಪಿಯರ್ಸ್-ಆ್ಯರೋ ಕಂಪನಿಯ ಟ್ರಕ್ ವಿಭಾಗದಲ್ಲಿ ಭಾರದ ಗಾಡಿ ತಿರುಗಿಸೋರ ಪಾಡು ಹತ್ತಿರದಿಂದ ನೋಡಿದ್ದ. 1920ರ ದಶಕದ ಶುರುವಲ್ಲಿ ಕೆಲಸ ಬಿಟ್ಟು, ಮ್ಯಾಸಚೂಸೆಟ್ಸ್‌ನ ವಾಲ್ಥಮ್‌ನಲ್ಲಿ ಚಿಕ್ಕ ವರ್ಕ್‌ಶಾಪ್ ಹಾಕಿದ. ಎಣ್ಣೆಯ ಒತ್ತಡದಿಂದ ಸ್ಟೀರಿಂಗ್ ತಿರುಗಿಸ್ಬೇಕು ಅನ್ನೋದು ಅವನ ಯೋಚನೆ. ತೊಂದರೆ ಏನಂದ್ರೆ, ಯಾವಾಗಲೂ ಒತ್ತಡ ಹಿಡಿದಿಟ್ಟರೆ ಎಣ್ಣೆ ಸೋರುತ್ತೆ. ಡೇವಿಸ್ ತಿರುವುಮುರುವು ಯೋಚಿಸಿದ: ವಾಲ್ವ್ ತೆರೆದೇ ಇರಲಿ, ಎಣ್ಣೆ ಸುಮ್ಮನೆ ಹರೀತಾ ಇರಲಿ, ಡ್ರೈವರ್ ಚಕ್ರ ತಿರುಗಿಸಿದಾಗ ಮಾತ್ರ ಒತ್ತಡ ಏರಲಿ. ಇಷ್ಟೇ. ಹೈಡ್ರಾಲಿಕ್ ಸ್ಟೀರಿಂಗ್ ಇವತ್ತಿಗೂ ಹೆಚ್ಚುಕಡಿಮೆ ಹೀಗೇ ನಡೆಯೋದು.

1926ರಲ್ಲಿ ಡೆಟ್ರಾಯಿಟ್‌ನಲ್ಲಿ ತೋರಿಸಿದ. ಜನರಲ್ ಮೋಟಾರ್ಸ್ ಒಪ್ಪಂದ ಮಾಡ್ಕೊಳ್ತು. ಆಮೇಲೆ ಬಂತು ಮಹಾ ಆರ್ಥಿಕ ಕುಸಿತ. ಖರ್ಚು ಜಾಸ್ತಿ ಅಂತ 1934ರಲ್ಲಿ ಜಿಎಂ ಕೈಬಿಟ್ಟಿತು. ಎರಡನೇ ಮಹಾಯುದ್ಧದಲ್ಲಿ ಕವಚವಾಹನಗಳಿಗೆ ಇದು ಬೇಕಾಯ್ತು, ಯಾಕಂದ್ರೆ ಆ ತೂಕದ ಗಾಡಿಯನ್ನ ಕೈಬಲದಿಂದ ತಿರುಗಿಸೋದು ಆಗದ ಮಾತು. ಸಾಮಾನ್ಯ ಗ್ರಾಹಕನಿಗೆ ಸಿಕ್ಕಿದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ. ಅಷ್ಟರಲ್ಲಿ ಡೇವಿಸ್‌ನ ಕೆಲವು ಪೇಟೆಂಟ್‌ಗಳ ಅವಧಿಯೇ ಮುಗಿದಿತ್ತು, ಅವನಿಗೂ 60 ದಾಟಿತ್ತು. ಮರುವರ್ಷ ಕ್ಯಾಡಿಲಾಕ್‌ಗೂ ಬಂತು.

ಗಮನಿಸಿದ್ರಾ? ಎರಡೂ ಐಷಾರಾಮಿ ಕಾರು. ಟ್ರಕ್ಕಿನ ಕಷ್ಟಕ್ಕೆ ಹುಟ್ಟಿದ್ದು ಸಾಹೇಬರ ಪಾರ್ಕಿಂಗ್‌ಗೆ ಮೊದಲು ಹೋಯ್ತು, ಹುಲ್ಲು-ಗೊಬ್ಬರ ಹೇರೋ ಪಿಕಪ್ ಕೈಬಲದಲ್ಲೇ ಉಳೀತು. ನಮ್ಮ ಕಡೆ ಹಳೇ ಲಾರಿ ಓಡಿಸಿದವರನ್ನ ಕೇಳಿ, ಸೀಟಿಂದ ಎದ್ದು ಸ್ಟೀರಿಂಗ್ ಎಳೆದ ಕಥೆ ಹೇಳ್ತಾರೆ.

ಈಗ ಅಂಥ ಪಿಕಪ್ ಇಟ್ಕೊಂಡೋರು ಆ ಬಾಕಿಯನ್ನ ತಾವೇ ತೀರಿಸ್ತಿದ್ದಾರೆ. ಕೆಲಸ ಸುಲಭ ಅಲ್ಲ. ಎಂಜಿನ್ ಪಕ್ಕ ಬೆಲ್ಟಿನಿಂದ ತಿರುಗೋ ಪಂಪ್‌ಗೆ ಬ್ರಾಕೆಟ್ ಬೇಕು. ಚಾಸಿಗೆ ಬಿಗಿದಿರೋ ಹಳೇ ಸ್ಟೀರಿಂಗ್ ಬಾಕ್ಸ್ ಬಿಚ್ಚಿ, ಪವರ್ ಬಾಕ್ಸ್ ಕೂರಿಸ್ಬೇಕು. 3100ರಲ್ಲಿ ಚಕ್ರದಿಂದ ಬಾಕ್ಸ್‌ವರೆಗೆ ಒಂದೇ ಉದ್ದ ಕಂಬಿ. ಮುಂದಿನಿಂದ ಗುದ್ದಿದರೆ ಅದು ಡ್ರೈವರ್ ಎದೆ ಕಡೆಗೇ ನುಗ್ಗೋ ಭಯ. ಅದನ್ನ ತೆಗೆದು ಮಧ್ಯೆ ಜಾಯಿಂಟ್ ಇರೋ ಶಾಫ್ಟ್ ಹಾಕ್ತಾರೆ. ಇಲ್ಲಿ ವೆಲ್ಡಿಂಗ್ ಕಚ್ಚಾ ಆದರೆ ಹೆದ್ದಾರಿಯಲ್ಲಿ ಸ್ಟೀರಿಂಗೇ ಇಲ್ಲದಂಗೆ ಆಗುತ್ತೆ, ಹಾಗಾಗಿ ಕಾಸು ಉಳಿಸೋ ಜಾಗ ಇದಲ್ಲ. ಇನ್ನು ಕೆಲವರು ಎಣ್ಣೆಯ ಗೋಜೇ ಬೇಡ ಅಂತ ಸ್ಯಾಟರ್ನ್ ವ್ಯೂ ಕಾರಿನ ಎಲೆಕ್ಟ್ರಿಕ್ ಮೋಟಾರ್ ಇರೋ ಕಾಲಮ್ ತಂದು ಡ್ಯಾಶ್‌ಬೋರ್ಡ್ ಕೆಳಗೆ ಅಡಗಿಸ್ತಾರೆ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ 1988ರಲ್ಲಿ ಸುಝುಕಿ ಸೆರ್ವೊ ಜೊತೆ ಬಂದಿದ್ದು. ಇವತ್ತು ನಮ್ಮ ಸಣ್ಣ ಕಾರುಗಳಲ್ಲಿ ಇರೋದೂ ಅದೇ ಜಾತಿ.

ಹಳೇ ಗಾಡಿಯ ಅಸಲಿತನ ಕೆಡುತ್ತೆ ಅನ್ನೋ ವಾದ ಇದೆ. ನಾನು ಒಪ್ಪಲ್ಲ. ಭಾರ ಅಂತ ಷೆಡ್‌ನಲ್ಲೇ ಮುಚ್ಚಿಟ್ಟ ಗಾಡಿಗಿಂತ ರಸ್ತೆಗಿಳಿದ ಗಾಡಿ ಮೇಲು. ಒಂದು ತಮಾಷೆ ಮಾತ್ರ ಇದೆ: ಇಷ್ಟೆಲ್ಲಾ ಮಾಡಿಸಿದ ಮೇಲೂ ಎಷ್ಟೋ ಜನ ಆ ದೊಡ್ಡ ಚಕ್ರವನ್ನ ಬದಲಾಯಿಸಲ್ಲ. ಒಂದು ಬೆರಳಲ್ಲಿ ತಿರುಗಿಸ್ತಾ ಓಡಾಡ್ತಾರೆ.